ಬಿಸಿಲು ಆ ದಡದಲ್ಲಿ, ಪದ್ಮಮ್ಮ ಈ ದಡದಲ್ಲಿ

ವಾರಾಣಸಿ, ಜನವರಿ ೨೦೦೮

ವೃದ್ಧರ ಮೂಳೆ ಗಟ್ಟಿ ಮಾಡುವ ಶಿಬಿರದ ಮಾನ್ಯ ಅಧಿಕಾರಿಗಳೇ,

ಗಂಗೆ ದಾಟಲಾರದವರಿಗಾಗಿ ನೀವು ಗಂಗೆಯಾಚೆ ಶಿಬಿರ ಹೂಡಿದ್ದೀರಿ. ನನ್ನ ದೂರು ಇಷ್ಟೇ. ಇದನ್ನು ಹಿಂದಿಯಲ್ಲಿ ಬರೆದು ಕಂಟೋನ್ಮೆಂಟಿನ ನಿಮ್ಮ ಕಚೇರಿಗೆ ಕೊಟ್ಟು ಬಂದೆ, ಉತ್ತರ ಬರಲಿಲ್ಲ. ಕನ್ನಡದಲ್ಲಿ ಬರೆದರೂ ಬರುವುದಿಲ್ಲ. ಆದರೆ ಸಿಟ್ಟು ಮಾಡುವುದಕ್ಕೆ ತಾಯ್ನುಡಿಯೇ ಸಲೀಸು.

ನಾನು ಕೇದಾರ ಘಾಟಿನಲ್ಲಿ ಇಡ್ಲಿ ಅಂಗಡಿ ಇಟ್ಟವಳು. ವಿಟಮಿನ್ ಡಿ ಬಗ್ಗೆ ನನಗೇನು ಗೊತ್ತು ಎನ್ನಬೇಡಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಡಾಕ್ಟರ್ ದಂಪತಿ, ಸುಜಯ್ ಮತ್ತು ಶರಣ್ಯಾ, ಪ್ರತಿ ಭಾನುವಾರ ನನ್ನ ಅಂಗಡಿಯಲ್ಲೇ ಅದರ ಜಗಳ ಆಡುತ್ತಾರೆ. ದೇಶದ ಅರ್ಧ ಜನಕ್ಕೆ ಅದು ಸಾಲದು, ವಾರಕ್ಕೊಂದು ಪೊಟ್ಟಣ ಹಾಲಿಗೆ ಹಾಕಿ ಕುಡಿಸಬೇಕು ಎಂದು ಗಂಡ. ಸಾಲದು ಎಂಬ ಗೆರೆ ಎಳೆದವರು ಯಾರು, ಬಿಳಿಯರ ಲೆಕ್ಕ ನಮಗೆ ಹೊಂದುತ್ತದೆಯೇ, ಬಿಸಿಲಿರುವಾಗ ಪೊಟ್ಟಣವೇಕೆ ಎಂದು ಹೆಂಡತಿ. ಇವರ ವಾದ ಮುಗಿಯುವಷ್ಟರಲ್ಲಿ ಚಟ್ನಿ ಒಣಗಿರುತ್ತದೆ. ಅವರಿಬ್ಬರೂ ಒಪ್ಪಿದ್ದು ಒಂದೇ ಮಾತು: ಮೊದಲು ಪದ್ಮಮ್ಮನ ರಕ್ತ ಪರೀಕ್ಷೆಯಾಗಲಿ.

ಪದ್ಮಮ್ಮ ಬಾದಾಮಿ ಕಡೆಯ ಹಳ್ಳಿಯವರು. ಸಾಯುವತನಕ ಕಾಶಿಯ ಎಲ್ಲೆ ದಾಟುವುದಿಲ್ಲವೆಂದು ಸಂಕಲ್ಪ ಮಾಡಿ ಪಕ್ಕದ ಛತ್ರದಲ್ಲಿದ್ದಾರೆ. ಸ್ವಂತ ಕಾಲಲ್ಲಿ ನಡೆಯುವವರಿಗೆ ಮಾತ್ರ ಅಲ್ಲಿ ಜಾಗ. ಈ ಚಳಿಗಾಲದಲ್ಲಿ ಅವರ ಸೊಂಟ, ಮೊಣಕಾಲು ಕೈಕೊಟ್ಟವು. ಹೀಗೇ ಆದರೆ ಊರಿನಿಂದ ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಛತ್ರ ನೋಡಿಕೊಳ್ಳುವ ಗುರುಶಾಂತಯ್ಯನವರು ಹೇಳಿಬಿಟ್ಟರು. ಅಂದಿನಿಂದ ಆ ಮುದುಕಿಗೆ ಅನ್ನ ಸೇರುತ್ತಿಲ್ಲ.

ಬಿಸಿಲಿಗೆ ಕೂರಿಸೋಣವೆಂದರೆ ನಮ್ಮ ಓಣಿಗೆ ಸೂರ್ಯನೂ ಅಡ್ಡಲಾಗಿಯೇ ಬರಬೇಕು. ಮಾಳಿಗೆ ಕೋತಿಗಳ ಪಾಲು. ಮಂಜು ಕರಗಿದ ಮೇಲೆ ತೋಳು, ಮೀನಖಂಡ ಬಿಟ್ಟುಕೊಂಡು ಘಾಟಿನಲ್ಲಿ ಕುಳಿತುಕೊಳ್ಳಿ ಎಂದಳು ಶರಣ್ಯಾ. ಸೂರ್ಯ ಹುಟ್ಟುವ ಮೊದಲೇ ಮೈತುಂಬ ಸೀರೆ ಸುತ್ತಿಕೊಂಡು ಮುಳುಗಿ ಬರುವ ಪದ್ಮಮ್ಮ ಆಮೇಲೆ ಒಂದು ವಾರ ಅವಳ ಮುಖ ನೋಡಲಿಲ್ಲ.

ಹೊರಗೆ ದುಡ್ಡು ಕೊಟ್ಟು ಮಾಡಿಸುವ ಶಕ್ತಿ ನಮಗಿಲ್ಲ, ಪುಕ್ಕಟೆ ಪರೀಕ್ಷೆಯ ಯಂತ್ರವನ್ನಂತೂ ನೀವು ಗಂಗೆಯಾಚೆಯ ರಾಮನಗರಕ್ಕೆ ಸಾಗಿಸಿದ್ದೀರಿ. ಅಲ್ಲಿ ಬಯಲಿದೆ, ಬಿಸಿಲಿದೆ, ನಿಜ. ಆದರೆ ಆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆಂದು ಇಲ್ಲಿ ಸೈಕಲ್ ರಿಕ್ಷಾದವನಿಗೂ ಗೊತ್ತು. ಸ್ವಾಮೀ, ಮೋಕ್ಷಕ್ಕೆಂದು ಬಂದ ಮುದುಕರನ್ನು ಮೂಳೆಯ ಆಸೆ ತೋರಿಸಿ ಅಲ್ಲಿಗೆ ಕರೆಯುವ ಯೋಚನೆ ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿತು? ನಿಮ್ಮ ಕಚೇರಿಯಲ್ಲಿ ಈ ಊರಿನವರು ಒಬ್ಬರೂ ಇಲ್ಲವೇ?

ನಾನು ಸುಮ್ಮನೆ ಕೂರಲಿಲ್ಲ. ರಕ್ತ ಮಾತ್ರ ಹೊಳೆ ದಾಟಿದರೆ ಸಂಕಲ್ಪ ಕೆಡುತ್ತದೆಯೇ ಎಂದು ಪುರೋಹಿತ ಶಿವಬಸಯ್ಯನವರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿ, ಪ್ರಾಣ ಈ ದಡದಲ್ಲಿದ್ದರೆ ಸಾಕು, ರಕ್ತ ಹೋಗಿ ಬರಲಿ ಎಂದರು. ಸುಜಯ್ ರಕ್ತ ತೆಗೆದುಕೊಟ್ಟ. ಶೀಸೆಯನ್ನು ಹಿಡಿದು ಆಟೋದಲ್ಲಿ ಸೇತುವೆ ದಾಟಿ ನಿಮ್ಮ ಶಿಬಿರಕ್ಕೆ ಹೋದೆ. ಮೇಜಿನ ಹಿಂದಿದ್ದ ನಿಮ್ಮ ಗುಮಾಸ್ತ ತಲೆಯೆತ್ತದೆ, "ಆದ್ಮಿ ಲಾಯಿಯೇ, ಶೀಶಿ ನಹೀ" ಎಂದ. ಮನುಷ್ಯರನ್ನು ತರಬೇಕಂತೆ, ಶೀಸೆಯನ್ನಲ್ಲ. ಖುದ್ದು ಹಾಜರಿ ಎಂದು ನಿಮ್ಮ ಸುತ್ತೋಲೆಯಲ್ಲಿದೆಯಂತೆ. ಶಾಸ್ತ್ರವೇ ಸಡಿಲವಾದ ಮೇಲೆ ನಿಮ್ಮ ಸುತ್ತೋಲೆಗೇನು ಮಡಿ?

ವಾಪಸ್ ಬಂದು ಹೇಳಿದಾಗ ಪದ್ಮಮ್ಮ ಅಳಲಿಲ್ಲ. ಮೆಟ್ಟಿಲ ಮೇಲೆ ಕುಳಿತು, "ನನ್ನ ಎಲುಬು ಕಡೀಕ ಗಂಗವ್ವಗ ಹೋಗೂವ ಅಲ್ಲೇನವ್ವಾ. ಅಕಿ ಕರಿಯೂತನಕ ಅವು ನನ್ನ ಈ ಪಾವಟಗಿ ಹತ್ತಿಸಿದ್ರ ಸಾಕು" ಎಂದರು.

ಆದ್ದರಿಂದ ಶೀಸೆಯನ್ನು ಸ್ವೀಕರಿಸಿ, ಇಲ್ಲವೇ ಯಂತ್ರವನ್ನು ಈ ದಡಕ್ಕೆ ತನ್ನಿ. ಎರಡೂ ಆಗದಿದ್ದರೆ, ರಾಮನಗರದಲ್ಲಿ ಪದ್ಮಮ್ಮನಿಗೆ ಏನಾದರೂ ಆದರೆ ಮುಂದಿನ ಜನ್ಮದ ಕತ್ತೆ ಪಾಳಿ ನಮ್ಮ ಇಲಾಖೆಯದು ಎಂದು ಮೊಹರು ಹಾಕಿ ಬರೆದುಕೊಡಿ. ಅವರನ್ನು ನಾನೇ ಹೊತ್ತು ತರುತ್ತೇನೆ.

ಇಂತಿ,
ತನ್ನ ಮೊಣಕಾಲೂ ಈಚೆಗೆ ಸದ್ದು ಮಾಡುತ್ತಿರುವುದನ್ನು ಯಾರಿಗೂ ಹೇಳದ
ಇಡ್ಲಿ ಅಂಗಡಿಯ ಅಂಬುಜಾಕ್ಷಿ