ಹಸುವಿಗೆ ಆಡುವ ಮಾತು

ಕ್ರೆಗ್ನಾಶ್,
೧೭ ನವೆಂಬರ್ ೧೮೮೯

ಪ್ರೀತಿಯ ಅಕ್ಕ ಕತ್ರೀನಿಗೆ,

ನಿನ್ನ ತಂಗಿ ಈಲಿಶ್ ಮಾಡುವ ವಂದನೆಗಳು. ನಿನ್ನ ಎರಡು ಕಾಗದಗಳೂ ಬಂದು ತಲುಪಿವೆ. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಡುವೆಯೇ ಎದ್ದು ಹೋಗಬೇಕಾಗುತ್ತಿತ್ತು. ಈಗಲೂ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ, ಆದರೆ ಒಂದು ಕಿವಿ ಒಲೆಯ ಪಕ್ಕದ ಹಾಸಿಗೆಯ ಕಡೆಗೇ ಇದೆ. ಅಲ್ಲಿ ನನ್ನ ಗಂಡ ಫೆರಿಕ್ ಮಲಗಿದ್ದಾನೆ. ಅವನ ಉಸಿರು ಸ್ವಲ್ಪ ತಡವಾದರೆ ಸಾಕು, ನನ್ನ ಉಸಿರೂ ನಿಲ್ಲುತ್ತದೆ.

ಪೋರ್ಟ್ ಎರಿನ್ ಕಡೆಯವರು ಯಾರಾದರೂ ನಿನಗೆ ಅರ್ಧಂಬರ್ಧ ಬರೆದು ತಿಳಿಸುವ ಮೊದಲು ಎಲ್ಲವನ್ನೂ ನಾನೇ ಹೇಳಿಬಿಡುತ್ತೇನೆ.

ಫೆರಿಕನ ಜೊತೆ ದೋಣಿಗೆ ಹೋಗುತ್ತಿದ್ದ ಅವನ ತಮ್ಮ ಈ ಬೇಸಿಗೆಯಲ್ಲಿ ಗಣಿ ಕೆಲಸಕ್ಕೆ ಸೇರಿಕೊಂಡ. ಹೆರಿಂಗ್ ಮೀನಿನ ಕಾಲ ಮುಗಿದ ಮೇಲೆ ಗಾಳ ಹಾಕಿ ಕಾಡ್ ಮೀನು ಹಿಡಿದರೆ ತಾನೆ ಚಳಿಗಾಲ ಕಳೆಯುವುದು? ಒಬ್ಬನೇ ಹೋಗುವ ಹಾಗಿಲ್ಲ. ಅದಕ್ಕೆ ನಮ್ಮ ಮಗಳು ಬ್ರೀಶಿಯೇ ತಾನು ಹೊರಡುತ್ತೇನೆಂದಳು. ನೀನು ಹಡಗು ಹತ್ತುವಾಗ ಸೊಂಟದ ಮೇಲಿದ್ದ ಕೂಸು ಈಗ ಹದಿನೇಳರ ಹುಡುಗಿ, ತೋಳಿನಲ್ಲಿ ಗಂಡಸರ ಬಲ. ಪಕ್ಕದ ಮನೆಯ ನೆಸ್ಸಾ ಕಿನ್ವಿಗ್ ಸುಮ್ಮನಿರುತ್ತಾಳೆಯೇ? ಹೆಣ್ಣು ಕಾಲಿಟ್ಟ ದೋಣಿಗೆ ಮೀನಿಗಿಂತ ಮೊದಲು ಗಂಡಾಂತರ ಬರುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಫೆರಿಕ್ ನಕ್ಕು, ಹಾಗಾದರೆ ನೆಸ್ಸಾ, ನಿನ್ನನ್ನು ಕರೆದುಕೊಂಡು ಹೋಗ್ತೀನಿ, ಗಂಡಾಂತರವೇ ಹೆದರಿ ಓಡಿಹೋಗುತ್ತದೆ ಎಂದ.

ಹೊರಡುವಾಗ ಇನ್ನೊಂದು ಆಯಿತು. ಹಗ್ಗದ ಸುರುಳಿಯನ್ನು ಏನೋ ಕಡಿದಿತ್ತು. ಬ್ರೀಶಿ ದೋಣಿಯೊಳಗೆ ನಿಂತುಕೊಂಡೇ, ಇದು ಇಲಿಯ ಕೆಲಸ ಎಂದುಬಿಟ್ಟಳು. ಅದರ ಹೆಸರನ್ನು ದೋಣಿಯಲ್ಲಿ ಎತ್ತಬಾರದು, ಉದ್ದಬಾಲದ್ದು ಎನ್ನಬೇಕು ಎಂಬುದು ನಮ್ಮ ಕಡೆಯ ಮಗುವಿಗೂ ಗೊತ್ತು. ಅವಳಿಗೂ ಗೊತ್ತಿತ್ತು, ಬಾಯಿ ತಪ್ಪಿತು. ದೋಷ ಕಳೆಯಲೆಂದು ಫೆರಿಕ್ ಲಂಗರಿನ ಕಬ್ಬಿಣ ಮುಟ್ಟಿ ದೋಣಿ ತಳ್ಳಿದ. ಆದರೆ ಅವನ ಮುಖ ಕಪ್ಪಿಟ್ಟದ್ದನ್ನು ನಾನು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಮಂಜು ಬಂತು. ನಿನಗೆ ನೆನಪಿರಬೇಕು, ಅದು ಬರುವುದಲ್ಲ, ಕವಿಯುವುದು. ಹಸುವನ್ನು ಒಳಗೆ ಕಟ್ಟಲು ಹೋದವಳಿಗೆ ಹಿಂದಿರುಗಿ ನೋಡುವಾಗ ನಮ್ಮ ಮನೆಯೇ ಕಾಣಲಿಲ್ಲ. ದೋಣಿ ಹೋಗಿದ್ದು ನಮ್ಮ ದಡಕ್ಕೂ ಕಾಫ್ ನಡುಗಡ್ಡೆಗೂ ನಡುವಿನ ಕಂಡಿಗೆ. ಇನ್ನೇನು ಉಬ್ಬರವಿಳಿತದ ನೀರು ತಿರುಗುವ ಹೊತ್ತು. ತಿರುಗಿದರೆ ಆ ಕಂಡಿಯಲ್ಲಿ ದೋಣಿ ದೋಣಿಯಾಗಿ ಉಳಿಯುವುದಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಅಲ್ಲಿ ಮುಳುಗಿ ಹೋದವರ ಹೆಸರುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕೈಯಲ್ಲಿದ್ದ ಹಾಲಿನ ಬಕೆಟ್ಟನ್ನು ಕೆಳಗಿಡಲೂ ತೋಚದೆ ಹಾಗೇ ಇಳಿಜಾರಿನಲ್ಲಿ ಓಡಿದೆ. ಮುಳ್ಳುಪೊದೆಗೆ ಸಿಕ್ಕು ಲಂಗದ ಅಂಚು ಹರಿಯಿತು, ಕಾಲು ತರಚಿತು. ಕೊನೆಯ ಬಂಡೆಯ ಮೇಲೆ ನಿಂತೆ. ಎದುರಿಗೆ ಬಿಳಿ ಗೋಡೆ. ಅದರ ಆಚೆ ನೀರು ಮೊರೆಯುವುದು ಮಾತ್ರ ಕೇಳುತ್ತಿತ್ತು.

ಕೂಗಿದೆ. ಮಂಜು ನನ್ನ ಕೂಗನ್ನು ಉಣ್ಣೆಯ ಹಾಗೆ ಹೀರಿಕೊಂಡಿತು. ಆಮೇಲೆ ಒಂದು ಕಲ್ಲು ತೆಗೆದುಕೊಂಡು ಬಕೆಟ್ಟನ್ನು ಬಾರಿಸತೊಡಗಿದೆ. ಬೇರೇನೂ ತೋಚಲಿಲ್ಲ ಅಕ್ಕ.

ಇನ್ನು ಅಲ್ಲಿ ದೋಣಿಯಲ್ಲಿ ನಡೆದದ್ದು. ಇದನ್ನು ಬ್ರೀಶಿ ನನಗೆ ತುಂಡು ತುಂಡಾಗಿ ಹೇಳಿದ್ದಾಳೆ. ಒಮ್ಮೆಲೇ ಹೇಳಲು ಅವಳಿಗೆ ಇನ್ನೂ ಆಗುವುದಿಲ್ಲ.

ಮಂಜು ಕಂಡ ಕೂಡಲೇ ಗಾಳ ಎಳೆದುಕೊಂಡು ಇಬ್ಬರೂ ಹುಟ್ಟು ಹಿಡಿದರಂತೆ. ಬೇಗ ಅಪ್ಪ ಎಂದು ಅವಳು ಅವಸರ ಮಾಡಿದಾಗ ಫೆರಿಕ್ ತನ್ನ ಎಂದಿನ ಮಾತು ಹೇಳಿದನಂತೆ, ತ್ರೇ ದ ಲ್ಯೂರ್, ಬೇಕಾದಷ್ಟು ಹೊತ್ತಿದೆ ಎಂದು. ಅವನ ಬಾಯಲ್ಲಿ ಆ ಮಾತು ದಿನಕ್ಕೆ ಎಷ್ಟು ಸಲ ಬರುತ್ತಿತ್ತೆಂದು ನಿನಗೆ ಗೊತ್ತು. ಅದಾದ ಮೇಲೆ ಅವನ ಹುಟ್ಟು ನೀರಿಗೆ ಬಿದ್ದ ಸದ್ದಾಯಿತು. ಇವಳು ತಿರುಗಿ ನೋಡಿದರೆ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ, ಬಾಯಿಯ ಒಂದು ಮೂಲೆ ಕೆಳಗೆ ಜಾರಿದೆ. ತೇಲುತ್ತಿದ್ದ ಹುಟ್ಟನ್ನು ಬಾಗಿ ಹೇಗೋ ಹಿಡಿದುಕೊಂಡಳು. ಅಪ್ಪನನ್ನು ಹಿಂಬದಿಗೆ ಸರಿಸಿ ಒರಗಿಸಿದಳು. ಉರುಳದಿರಲೆಂದು ಅವನು ಎಡಗೈಯಿಂದ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಎರಡು ಹುಟ್ಟನ್ನೂ ಇವಳೇ ಹಿಡಿದಳು.

ಅಪ್ಪ, ಯಾವ ಕಡೆ ಎಂದು ಕೇಳಿದಳು. ಅವನು ಹೇಳಿದ. ಉದ್ದಕ್ಕೆ, ವಿವರವಾಗಿ ಹೇಳಿದ. ಆದರೆ ಒಂದೇ ಒಂದು ಇಂಗ್ಲಿಷ್ ಶಬ್ದ ಇರಲಿಲ್ಲ. ಎಲ್ಲ ನಮ್ಮ ದ್ವೀಪದ ಹಳೆಯ ಮಾತು, ಮ್ಯಾಂಕ್ಸ್.

ನಿನಗೆ ತಿಳಿಯದ್ದೇನಲ್ಲ. ಈ ದ್ವೀಪದಲ್ಲಿ ನಮ್ಮ ವಯಸ್ಸಿನವರು ಯಾರೂ ಮಕ್ಕಳಿಗೆ ಆ ಮಾತು ಕಲಿಸಲಿಲ್ಲ. ಅದು ಗಂಡ ಹೆಂಡತಿ ಬಾಗಿಲು ಮುಚ್ಚಿಕೊಂಡು ಆಡುವ ಮಾತು, ಮುದುಕರ ಮಾತು, ದನ ಕೋಳಿಗಳ ಜೊತೆ ಆಡುವ ಮಾತು. ಬ್ರೀಶಿಯ ಕಿವಿಗೆ ಬಿದ್ದದ್ದೂ ಅಷ್ಟೇ.

ಅವಳು ಅಳುತ್ತಾ, ಇಂಗ್ಲಿಷ್‌ನಲ್ಲಿ ಹೇಳಪ್ಪಾ ಎಂದು ಕೂಗಿದಳಂತೆ. ಅವನು ತಬ್ಬಿಬ್ಬಾಗಿ ನೋಡಿದ. ತಾನು ಬೇರೆ ಮಾತು ಆಡುತ್ತಿದ್ದೇನೆಂದು ಅವನಿಗೆ ತಿಳಿದೇ ಇರಲಿಲ್ಲ. ಮತ್ತೆ ಅದನ್ನೇ ಹೇಳಿದ, ಇನ್ನೂ ಗಟ್ಟಿಯಾಗಿ. ಆ ಕಡೆ ನೀರು ತಿರುಗಿತು. ದೋಣಿ ತಾನಾಗಿಯೇ ಸುತ್ತತೊಡಗಿತು. ದಡ ಯಾವುದು, ಕಡಲು ಯಾವುದು ಎನ್ನುವುದೇ ಹೋಯಿತು. ಹುಟ್ಟು ಹಾಕುವವಳ ಬೆನ್ನು ಮುಂದಕ್ಕಿರುತ್ತದೆ ನೋಡು. ಅಪ್ಪನ ಮುಖ ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆ ಮುಖದಲ್ಲಿ ಒಂದು ಭಾಗ ಅಪ್ಪನದಾಗಿ ಉಳಿದಿರಲಿಲ್ಲ.

ಆಗ ಅವನು, ಬೀ ದಿ ಹೋಸ್ತ್ ಎಂದ.

ಬಾಯ್ಮುಚ್ಚು ಎಂದರ್ಥ. ಅತ್ತೆ ಬದುಕಿದ್ದಾಗ ಊಟಕ್ಕೆ ಕೂತಲ್ಲಿ ಇವಳಿಗೆ ಅದನ್ನೇ ಹೇಳುತ್ತಿದ್ದರು. ಬ್ರೀಶಿ ತಟ್ಟನೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಅವನು ನೋಡಿದ. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದು, ನಿಧಾನವಾಗಿ, ಶಾಸ್ ಎಂದ. ಹಾಲು ಕರೆಯುವಾಗ ನಾನು ನಮ್ಮ ಹಸುವಿಗೆ ಹೇಳುವ ಮಾತು ಅದು, ನಿಲ್ಲು ಎಂದು. ಇವಳು ಹುಟ್ಟು ಎತ್ತಿ ನಿಲ್ಲಿಸಿದಳು. ಇಬ್ಬರೂ ಕಿವಿಗೊಟ್ಟರು. ಒಂದು ಕಡೆ ಬಂಡೆಗೆ ನೀರು ಅಪ್ಪಳಿಸುವ ಸದ್ದು. ಇನ್ನೊಂದು ಕಡೆ, ತೀರ ದೂರದಲ್ಲಿ, ಡಣ್ ಡಣ್ ಎಂದು ತಗಡಿನ ಸದ್ದು.

ಇಮ್ಮೀ ರೋದ್ ಎಂದ. ಹೋಗು, ನಡೆ. ಹಟ್ಟಿಯಿಂದ ಹಸುವನ್ನು ಹೊರಗೆ ಅಟ್ಟುವಾಗ ಹೇಳುವುದು. ಹುಟ್ಟು ಹಾಕಿದಳು. ಶಾಸ್. ನಿಲ್ಲಿಸಿದಳು, ಕೇಳಿದರು. ಇಮ್ಮೀ ರೋದ್. ಮತ್ತೆ ಹಾಕಿದಳು. ದೋಣಿ ಬಂಡೆಯ ಕಡೆ ವಾಲಿದಾಗ ಅವನು, ತಾರ್ ಶೊ, ಇತ್ತ ಬಾ ಎನ್ನುತ್ತಾ ತನ್ನ ಗಲ್ಲವನ್ನು ಒಂದು ಕಡೆಗೆ ತಿರುಗಿಸುತ್ತಿದ್ದ. ಇವಳು ಆ ಕಡೆಗೆ ತಿರುಗಿಸುತ್ತಿದ್ದಳು. ಹಸುವಿಗೆ ಆಡುವ ಮಾತಿನಲ್ಲೇ ಅಪ್ಪ ನನ್ನನ್ನು ದಡಕ್ಕೆ ತಂದ ಎನ್ನುತ್ತಾಳೆ. ಒಮ್ಮೆ ಕಪ್ಪು ಬಂಡೆಯೊಂದು ಕೈಗೆಟಕುವಷ್ಟು ಹತ್ತಿರ ಬಂದು ಮಂಜಿನಲ್ಲಿ ಮತ್ತೆ ಮುಳುಗಿತಂತೆ. ಅದನ್ನು ಹೇಳುವಾಗ ಅವಳು ಇವತ್ತಿಗೂ ನನ್ನ ಕೈ ಹಿಡಿದುಕೊಳ್ಳುತ್ತಾಳೆ.

ನಾನು ಬಾರಿಸುತ್ತಲೇ ಇದ್ದೆ. ಬಕೆಟ್ಟಿನ ತಳ ಒಡೆದುಹೋಯಿತು. ಕೊನೆಗೆ ಮಂಜಿನೊಳಗಿಂದ ಫೆರಿಕನ ದನಿ ಬಂತು, ಹಸುವನ್ನು ಅಟ್ಟುವ ಮಾತು. ಸತ್ತವರು ಮೊದಲು ತಮ್ಮ ದನವನ್ನು ಕೇಳಿಕೊಂಡು ಬರುತ್ತಾರೆಂದು ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಬಕೆಟ್ಟು ಬಿಸಾಡಿ ಓಡಿಹೋಗೋಣವೆನಿಸಿತು. ದೋಣಿಯ ಮೂತಿ ಕಂಡ ಮೇಲೂ ನಂಬಿಕೆ ಬರಲಿಲ್ಲ. ಸೊಂಟದವರೆಗಿನ ನೀರಿಗಿಳಿದು ಬ್ರೀಶಿಯ ಕೆನ್ನೆ ಮುಟ್ಟಿದಾಗಲೇ ನಂಬಿದ್ದು. ಅವಳ ಅಂಗೈ ಎರಡೂ ಸುಲಿದುಹೋಗಿದ್ದವು. ಅಮ್ಮಾ, ಅಪ್ಪನಿಗೆ ಏನೋ ಆಗಿದೆ, ನನಗೆ ಅರ್ಥವಾಗ್ತಿಲ್ಲ ಎಂದಷ್ಟೇ ಹೇಳಿ ಕುಸಿದಳು.

ಕ್ಯಾಸಲ್‌ಟೌನಿನಿಂದ ವೈದ್ಯರು ಬಂದಿದ್ದರು. ಒಳ್ಳೆಯ ಮನುಷ್ಯ. ರಕ್ತ ತಲೆಗೇರಿ ಹೀಗಾಗಿದೆ, ಕೈ ಸ್ವಲ್ಪ ಬರಬಹುದು, ಕಲಿತ ಇಂಗ್ಲಿಷ್ ಮರಳುತ್ತದೆಂದು ಹೇಳಲಾರೆ, ಇನ್ನೊಮ್ಮೆ ಬಂದರೆ ಉಳಿಯುವುದು ಕಷ್ಟ ಎಂದರು. ಆ ಇನ್ನೊಮ್ಮೆ ಎಂಬುದು ಈ ಮನೆಯಲ್ಲಿ ಈಗ ನಾಲ್ಕನೆಯ ಮನುಷ್ಯನ ಹಾಗೆ ಕೂತಿದೆ. ಫೆರಿಕ್ ಸೀನಿದರೂ ಬೆಚ್ಚುತ್ತೇನೆ.

ಅದು ಸಾಲದೆಂದು ನೆಸ್ಸಾ. ಕೆಟ್ಟವಳಲ್ಲ, ದಿನವೂ ಬಾನಗ್ ರೊಟ್ಟಿ ಸುಟ್ಟು ತಂದು ಕೊಡುತ್ತಾಳೆ. ಆದರೆ ಒಂದು ದಿನ ನನ್ನನ್ನು ಹಟ್ಟಿಯ ಹಿಂದಕ್ಕೆ ಕರೆದು ಕಿವಿಯಲ್ಲಿ ಹೇಳಿದಳು.

“ಈಲಿಶ್, ಚೆನ್ನಾಗಿ ನೋಡ್ಕೋ. ಮಂಜಿನೊಳಗೆ ಹೋದವನೇ ವಾಪಸ್ ಬಂದಿದ್ದಾನಾ ಅಂತ. ‘ಅವರು’ ಗಂಡಸರನ್ನ ಒಯ್ದು ಅದೇ ಮುಖದ ಇನ್ನೊಬ್ಬನನ್ನ ಕಳಿಸ್ತಾರೆ. ‘ಅವರಿಗೆ’ ಇಂಗ್ಲಿಷ್ ಬರಲ್ಲ, ಗೊತ್ತಲ್ಲ ನಿನಗೆ.”

ಹೆಸರೆತ್ತಬಾರದ ಆ ಮಾಯದ ಜನರ ಮಾತು ತೆಗೆದದ್ದಕ್ಕೆ, ಬಾಯಿ ಮುಚ್ಚೆಂದು ಬೈದು ಕಳಿಸಿದೆ. ಆದರೆ ಅಂದು ಸಂಜೆ ಒಲೆಯ ಇಕ್ಕಳವನ್ನು, ‘ಅವರು’ ಕಬ್ಬಿಣಕ್ಕೆ ಹೆದರುತ್ತಾರಲ್ಲ, ಅವನ ಹಾಸಿಗೆಗೆ ಅಡ್ಡಲಾಗಿ ಇಟ್ಟೆ. ನಗಬೇಡ. ನೀನು ಅಷ್ಟು ದೂರದ ಪಟ್ಟಣದಲ್ಲಿದ್ದೀಯೆ, ದೀಪದ ಬೀದಿಯಲ್ಲಿ. ಇಲ್ಲಿ ಈ ಮಣ್ಣಿನ ನೆಲದ ಮೇಲೆ, ಮುಖದ ಅರ್ಧ ಸತ್ತ ಗಂಡಸೊಬ್ಬ ಕಣ್ಣು ಬಿಟ್ಟುಕೊಂಡು ನಿನ್ನನ್ನೇ ನೋಡುತ್ತಿದ್ದರೆ ನೀನೂ ಇಡುತ್ತಿದ್ದೆ. ಅವನಿಗೆ ಗಂಜಿ ಕುಡಿಸುವಾಗ ಅವನ ಕಣ್ಣನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಕೊನೆಗೆ ತಡೆಯಲಾರದೆ, ಬ್ರೀಶಿ ನೀರಿಗೆ ಹೋದಾಗ ಹತ್ತಿರ ಕೂತು ಕೇಳಿದೆ. ನಮ್ಮ ಮದುವೆಯ ದಿನ ಚರ್ಚಿನಿಂದ ಬರುವಾಗ ಗೋಡೆಯ ಹಿಂದೆ ನನಗೆ ಏನು ಹೇಳಿದೆ, ಹೇಳು ನೋಡೋಣ ಎಂದು. ಅವನು ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದ.

“ಕಾಲು ಒದ್ದೆ ಮಾಡ್ಕೋಬೇಡ, ಇನ್ನು ಮೇಲೆ ನಿನ್ನ ನೆಗಡಿ ನನಗೂ ಬರುತ್ತೆ, ಅಂದಿದ್ದೆ” ಎಂದ.

ಅದು ಹೌದು. ನಮ್ಮಿಬ್ಬರನ್ನು ಬಿಟ್ಟರೆ ಇನ್ನು ಯಾರಿಗೂ ತಿಳಿಯದ ಮಾತು. ಅವನ ಎದೆಯ ಮೇಲೆ ತಲೆಯಿಟ್ಟು ಅತ್ತೆ. ಇಕ್ಕಳವನ್ನು ಒಲೆಯ ಬಳಿಗೆ ಹಿಂದಿರುಗಿಸಿದೆ. ಆದರೂ ಅಕ್ಕ, ಭಯ ಎನ್ನುವುದು ಒಂದು ಬಾಗಿಲಿನಿಂದ ಹೋದರೆ ಇನ್ನೊಂದರಿಂದ ಬಂದು ಕೂರುತ್ತದೆ.

ಬ್ರೀಶಿಯ ವಿಷಯ ಕೇಳಿದ್ದೀಯೆ. ಅವಳು ದೋಣಿಯ ಕಡೆ ಹೋಗುವುದಿಲ್ಲ. ಆ ಉದ್ದಬಾಲದ್ದರ ಹೆಸರೆತ್ತಿದ್ದರಿಂದಲೇ ಎಲ್ಲ ಆಯಿತೆಂದು ಒಳಗೊಳಗೇ ಕೊರಗುತ್ತಾಳೆ. ಎಷ್ಟು ಹೇಳಿದರೂ ಅಷ್ಟೇ. ಹೊತ್ತು ಸಿಕ್ಕಾಗಲೆಲ್ಲ ಅಪ್ಪನ ಪಕ್ಕದಲ್ಲಿ ಕೂತಿರುತ್ತಾಳೆ. ಅವನು ಪ್ರತಿ ಬೆಳಿಗ್ಗೆ ಅವಳನ್ನು ನೋಡಿ ಏನೋ ಹೇಳುತ್ತಾನೆ. ಅವಳು ನನ್ನ ಕಡೆ ತಿರುಗಿ, ಅಪ್ಪ ಏನಂದ ಅಮ್ಮಾ ಎನ್ನುತ್ತಾಳೆ. ಚೆನ್ನಾಗಿ ನಿದ್ದೆ ಬಂತಾ ಮಗಳೇ ಅಂತ ಕೇಳ್ತಿದ್ದಾನೆ ಎನ್ನುತ್ತೇನೆ. ಅವಳ ಮುಖ ಅರಳುತ್ತದೆ. ಅವನಿಗೆ, ಮೊರ ಮೈ, ಶುಭೋದಯ ಎಂದು ನಮ್ಮ ಮಾತಿನಲ್ಲೇ ಹೇಳುತ್ತಾಳೆ. ನಾಲಿಗೆ ಇನ್ನೂ ತಿರುಗುವುದಿಲ್ಲ. ಅವನು ತಲೆಬಾಗಿಸಿ ಮರ್ಯಾದೆಯಿಂದ ಉತ್ತರ ಕೊಡುತ್ತಾನೆ.

ಅವಳಿಗೀಗ ಒಂದೇ ಹಟ. ಮಾತು ಪೂರ್ತಿ ಕಲಿಯಬೇಕು, ಅಪ್ಪನ ಜೊತೆ ತಾನೇ ಮಾತಾಡಬೇಕು, ನಡುವೆ ನಾನಿರಬಾರದು. ಆ ದಿನ ಪ್ರಾಣ ಹೋಗುವ ಹೊತ್ತಿನಲ್ಲಿಯೂ ನನಗೆ ಗೊತ್ತಿದ್ದ ಮಾತನ್ನೇ ಹುಡುಕಿ ಹೇಳಿದನಲ್ಲ ಅಮ್ಮಾ, ಅಷ್ಟು ಪ್ರೀತಿ ಅವನಿಗೆ ಎನ್ನುತ್ತಾಳೆ. ಹೌದು ಮಗಳೇ ಎಂದು ಒಲೆಯ ಕಡೆ ತಿರುಗುತ್ತೇನೆ.

ಹಾಸಿಗೆಯಲ್ಲಿ ಅವನು ಮಗ್ಗುಲಾಗುತ್ತಿದ್ದಾನೆ, ಎಬ್ಬಿಸಿ ಕೂರಿಸಬೇಕು. ನೀನು ನಮಗಾಗಿ ಬೇಡಿಕೊ. ಭಾವನಿಗೂ ಮಕ್ಕಳಿಗೂ ನೆನಪು ಹೇಳು. ಕಾಗದ ಬರೆ, ತಡ ಮಾಡಬೇಡ.

ಇಂತಿ, ಹೆದರಿಕೊಂಡೇ ದಿನ ದೂಡುತ್ತಿರುವ ನಿನ್ನ ತಂಗಿ,
ಈಲಿಶ್

ಮರೆತದ್ದು: ಮರೆತದ್ದಲ್ಲ, ಬರೆಯದೆ ಮುಗಿಸೋಣ ಎಂದುಕೊಂಡಿದ್ದೆ, ಆಗುತ್ತಿಲ್ಲ. ಫೆರಿಕನಿಗೆ ನಮ್ಮ ಮದುವೆ ನೆನಪಿದೆ, ಅವನ ಅಮ್ಮ ನೆನಪಿದ್ದಾಳೆ, ನೀನೂ ನೆನಪಿದ್ದೀಯೆ. ಅಲ್ಲಿಗೆ ನಿಂತುಹೋಗಿದೆ. ಮಗಳು ಹುಟ್ಟಿದ್ದೇ ಅವನಿಗೆ ಗೊತ್ತಿಲ್ಲ. ಪ್ರತಿ ಬೆಳಿಗ್ಗೆ ಅವನು ಕೇಳುವುದು, ಕ್ವೈ ಶೊ, ಇವಳು ಯಾರು ಎಂದು. ಮೊನ್ನೆ ಇನ್ನೂ ಮೆಲ್ಲಗೆ ಹೇಳಿದ, ಪಾಪ ಆ ಹುಡುಗೀನ ಮನೆಗೆ ಕಳಿಸು, ಅವಳ ಅಪ್ಪ ಅಮ್ಮ ಕಾಯ್ತಿರ್ತಾರೆ ಎಂದು. ಅವತ್ತು ದೋಣಿಯಲ್ಲಿ ಎದುರಿಗೆ ಕೂತಿದ್ದವಳು ಯಾರೆಂದು ತಿಳಿದು ಆ ಮಾತುಗಳನ್ನು ಹೇಳಿದನೋ ಇಲ್ಲವೋ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾನು ಕಲಿಸಲು ಹಿಂದೆಮುಂದೆ ನೋಡುತ್ತೇನೆಂದು ಬ್ರೀಶಿ ಈಗ ನೆಸ್ಸಾಳ ಹತ್ತಿರ ಪಾಠಕ್ಕೆ ಹೋಗುತ್ತಿದ್ದಾಳೆ. ಇಂದು ಮಧ್ಯಾಹ್ನ ಕುಣಿಯುತ್ತಾ ಬಂದು ಕಲಿತದ್ದನ್ನು ನನಗೆ ಒಪ್ಪಿಸಿದಳು: ಏನು, ಎಲ್ಲಿ, ಯಾರು. ನಾಳೆ ಬೆಳಗಾಗುತ್ತದಲ್ಲ ಅಕ್ಕ.