ಖೈರಾತಿನ ಮಾರ್ಕ್ಸ್

ಸುಷ್ಮಾ ಟೀಚರಿಗೆ ಹುಮಾಳ ಅಜ್ಜಿ ಖತೀಜಾಬೀಯ ಸಲಾಂ.

ಜಗಳ ಮಾಡಲು ಬಾಯಿ ಸಾಕಿತ್ತು. ತಕರಾರು ವಾಪಸ್ ತಗೊಳ್ಳಲು ಮಾತ್ರ ಬರೆದೇ ಕೊಡಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟಿದ್ದೀರಿ, ಓದಿಕೊಳ್ಳುವ ಕಷ್ಟ ನಿಮ್ಮದು.

ಗಣಿತದ ಪೇಪರಿನಲ್ಲಿ ಹುಮಾಳ ಕೊನೆಯ ಲೆಕ್ಕದ ಉತ್ತರ ತಪ್ಪು, ಆದರೂ ನಾಲ್ಕಕ್ಕೆ ಮೂರು ಕೊಟ್ಟಿದ್ದೀರಿ. ಆ ಮೂರರಿಂದಲೇ ಅವಳು ಪಾಸು. ಅಜ್ಜಿ ಸಾಕಿದ ಮಗು ಎಂದು ಕನಿಕರಪಟ್ಟಿರೆಂದುಕೊಂಡು, "ಖೈರಾತಿನ ಮಾರ್ಕ್ಸ್ ನಮಗೆ ಬ್ಯಾಡ, ಹೊಡೆದು ಹಾಕ್ರಿ" ಎಂದೆ.

ನೀವು ನಕ್ಕಿರಿ. "ಹಂತಕ್ಕೂ ಮಾರ್ಕ್ಸ್ ಐತಮ್ಮ. ದಾವಣಗೆರೆಗೆ ಹೊರಟು, ಬಸ್ಸಿನಾಗೆ ನಿದ್ದೆ ಹೋಗಿ, ಅದನ್ನ ದಾಟಿ ಆವರಗೆರೆಯಾಗೆ ಇಳಿದೋರನ್ನ ಹರಿಹರನೇ ಬಿಟ್ಟಿಲ್ಲ ಅನ್ನಾಕಾಗುತ್ತೇನ್ರಿ?" ಎಂದಿರಿ. ಹಾಗೆ ಇಳಿದವಳು ನಾನೇ. ಹುಮಾ ಹೇಳಿರಬೇಕು, ಮನೆಯಲ್ಲಿ ಅವಳನ್ನು ವಿಚಾರಿಸಿಕೊಂಡಿದ್ದೇನೆ.

ಪೇಪರನ್ನು ಮತ್ತೆ ನೋಡಿದೆ. ಸಾಲು ಸಾಲಿಗೂ ನಿಮ್ಮ ಕೆಂಪು ಗುರುತಿದೆ. ಕೊನೆಯಲ್ಲಿ ಮಾತ್ರ ಹುಡುಗಿ ಮೈನಸ್ ಮರೆತಿದ್ದಾಳೆ. ಮೂರೂ ಅವಳೇ ದುಡಿದದ್ದು, ಹೊಡೆಯಬೇಡಿ. ಅವಳಿಗೆ ಶಾವಿಗೆ ಮಾಡಿ ಹಾಕಿದೆ, ನಾನೂ ತಿಂದೆ.

ಒಂದೇ ಮಾತು ಉಳಿದಿದೆ. ಪಬ್ಲಿಕ್ ಪರೀಕ್ಷೆಯ ಪೇಪರ್ ನೋಡುವವರಿಗೆ ಹುಮಾ ಯಾರೋ ಏನೋ. ಅವರೂ ನಿಮ್ಮ ಹಾಗೆ ಸಾಲು ಸಾಲು ನೋಡುತ್ತಾರೋ, ಕೊನೆಯ ಉತ್ತರ ಕಂಡು ಸೊನ್ನೆ ಸುತ್ತುತ್ತಾರೋ? "ನೋಡ್ತಾರಜ್ಜಿ, ಸುಮ್ನಿರು" ಎನ್ನುತ್ತಾಳೆ ಇವಳು. ಮೈನಸ್ ಮರೆಯುವವಳ ಮಾತು ನಾನು ನಂಬುವುದಿಲ್ಲ.

ಆ ಪರೀಕ್ಷೆ ಮಾರ್ಚ್ ಹದಿಮೂರಕ್ಕೆ ಶುರು, ಅದರೊಳಗೆ ನೀವೂ ಬರೆದೇ ತಿಳಿಸಬೇಕು. ಹಂತಗಳು ಬೇಡ, ಉತ್ತರ ಸಾಕು.

ಖತೀಜಾಬೀ
ಹರಿಹರ