ಕುಂಕುಮ ಹಚ್ಚಿಸಿಕೊಂಡ ರೆಕಾರ್ಡರ್

೧೪ ಸೆಪ್ಟೆಂಬರ್ ೨೦೨೦, ಸೋಮವಾರ, ಬೆಳಗ್ಗೆ

ಕಾಫಿ ಒಬ್ಬನಿಗೇ. ನನ್ನಾಕೆ ವಾಸಂತಿ ಐದಕ್ಕೇ ಹೊರಟಳು. ಈ ಪರದೇಶದಲ್ಲಿ ಐಂಡ್‌ಹೋವನ್‌ನಿಂದ ಉಟ್ರೆಕ್ಟ್‌ವರೆಗೆ ಹೈವೇ, ಆಮೇಲೆ ಆಸ್ಪತ್ರೆಯ ಲ್ಯಾಬ್, ದಿನವಿಡೀ ಕೊರೋನಾ ಸ್ಯಾಂಪಲ್ಲು. ಅವಳ ಶಿಫ್ಟಿಗೆ ಹೊಂದುವ ರೈಲಿಲ್ಲ. ನನಗೆ ಡ್ರೈವಿಂಗ್ ಬಾರದು. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಮಹಾಶೂರ ನಾನು.

‘ತಲುಪಿದೆ’ ಎಂಬ ಮೆಸೇಜು ಬರುವವರೆಗೆ ಫೋನು ಕೈಯಿಂದ ಇಳಿಯುವುದಿಲ್ಲ. ಶುಕ್ರವಾರ ಕಾರು ಎರಡನೇ ಸಲ ಕೈಕೊಟ್ಟಿತು. ಮೊದಲು ಒಂದು ಹಳದಿ ದೀಪ, ಮರುಕ್ಷಣ ಎಂಜಿನ್ ನಿಶ್ಶಬ್ದ. ಹೈವೇ ನಡುವೆ! ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಅರಿಯದ ಹಸುಗೂಸು. ವಾರಂಟಿ ಏಪ್ರಿಲ್‌ನಲ್ಲೇ ಮುಗಿದಿದೆ — ಲಾಕ್‌ಡೌನ್ ನಡುವೆ, ಗಮನಿಸುವ ಪುರುಸೊತ್ತಿಲ್ಲದಾಗ.

ಮೆಸೇಜು ಬಂತು. ಕಾಫಿ ಆರಿದೆ.

೧೭ ಸೆಪ್ಟೆಂಬರ್

ಎದುರುಮನೆಯ ಸಕ್ಲೈನ್, ನಮ್ಮ ಶಿವಾಜಿನಗರದವನು, ಬೇಲಿಯ ಆಚೆ ನಿಂತು ಉಪದೇಶ ಮಾಡಿದ. ಅವನದೂ ಇದೇ ಮಾಡೆಲ್ಲು, ಇದೇ ರೋಗ. ಕಂಪನಿ ಪುಕ್ಕಟೆ ರಿಪೇರಿ ಮಾಡಿಸಿಕೊಟ್ಟಿದೆ.

“ವಾರಂಟಿ ಮುಗಿದ್ರೇನ್ ಸ್ವಾಮಿ, ‘ಕೂಲಾನ್ಸ್’ ಅಂತ ಕೇಳಿ. ಅಂದ್ರೆ ಕಂಪನಿಯವ್ರು ದೊಡ್ಡ ಮನಸ್ಸು ಮಾಡೋದು.”

“ದೊಡ್ಡ ಮನಸ್ಸೇ? ದೋಷ ಅವರದು, ಪ್ರಾಣ ನಮ್ಮದು! ಮೇಲೆ ಅವರ ಕೃಪೆಗೆ ಕೈ ಚಾಚಬೇಕೇ?” ಎಂದು ಗುಡುಗಿದೆ. ಪಕ್ಕದ ಮನೆಯ ಕಿಟಕಿಯಲ್ಲಿ ಒಂದು ಬೋಳುತಲೆ ಮೂಡಿತು.

“ಮೆಲ್ಲಗೆ ಸ್ವಾಮಿ! ಇಡೀ ಬೀದಿಗೆ ಟಿಕೆಟ್ ಇಲ್ದೆ ನಾಟಕ ತೋರಿಸ್ತಿದ್ದೀರಲ್ಲ!”

ಏನು ಮಾಡಲಿ. ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಸುತ್ತಿಟ್ಟ ಪರದೆಯ ಮೇಲೆ ಮಲಗಿ ಬೆಳೆದವನು ನಾನು. ಮೈಕಿಲ್ಲದೆ ಟೆಂಟಿನ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಮೆಲ್ಲಗೆ ಎಂಬುದು ಅಭ್ಯಾಸವಿಲ್ಲ.

೨ ಅಕ್ಟೋಬರ್, ಶುಕ್ರವಾರ

ವಾಸಂತಿಗೆ ರಜೆ. ಇಬ್ಬರೂ ಗ್ಯಾರೇಜಿಗೆ. ಅಲ್ಲಿನ ಮೆಕ್ಯಾನಿಕ್ ರೂಡ್ ಒಳ್ಳೆಯವನೇ, ಮಾಸ್ಕು ಮೂಗಿನ ಕೆಳಗೆ. ಮೂರು ಸಲ ಓಡಿಸಿ ನೋಡಿದ. ನೋಡುವವರಿದ್ದಾಗ ಪಾತ್ರ ಮರೆಯದ ನಟನಂತೆ ಓಡಿತು ದರಿದ್ರ ಗಾಡಿ.

“ಕಂಪನಿಗೆ ಈ ದೋಷ ಗೊತ್ತು. ಹೋದ ವರ್ಷವೇ ಎಲ್ಲ ಗ್ಯಾರೇಜಿಗೂ ತಿಳಿಸಿದ್ದಾರೆ,” ಎಂದ. “ಆದರೆ ನಿಮ್ಮ ಗಾಡಿಯಲ್ಲೂ ಅದೇ ಆಗ್ತಿದೆ ಅಂತ ತೋರಿಸಬೇಕು.”

ಸ್ಟಿಯರಿಂಗ್ ಕೆಳಗೆ ಕಪ್ಪು ಡಬ್ಬಿಯೊಂದನ್ನು ಸಿಕ್ಕಿಸಿದ. ರೆಕಾರ್ಡರ್. ಗಾಡಿ ನಿಂತಾಗ ಇದು ಸಾಕ್ಷಿ. ಸಾಕ್ಷಿಯಿದ್ದರೆ ಕೂಲಾನ್ಸ್. ನಾವೇ ಮಾಡಿಸೋಣವೆಂದರೆ ಗಾಡಿಯ ಅರ್ಧ ಬೆಲೆ. ಮಾರ್ಚಿನ ಮೇಲೆ ನನ್ನ ಕೆಲಸದ ಕಾಂಟ್ರಾಕ್ಟ್ ಇರುತ್ತದೋ ಇಲ್ಲವೋ.

ಮನೆಗೆ ಬಂದ ಮೇಲೆ ಹೊಳೆಯಿತು. ಸಾಕ್ಷಿ ಸಿಗಬೇಕೆಂದರೆ ಗಾಡಿ ಮತ್ತೊಮ್ಮೆ ಸಾಯಬೇಕು. ಒಳಗೆ ವಾಸಂತಿ ಇರುವಾಗ.



೨೫ ಅಕ್ಟೋಬರ್, ಭಾನುವಾರ

ಆಯುಧಪೂಜೆ. ನಾಟಕ ಕಂಪನಿಯಲ್ಲಿ ಈ ದಿನ ತಗಡಿನ ಕತ್ತಿ, ಗದೆ, ವಿಗ್ಗಿನ ಪೆಟ್ಟಿಗೆ, ಅಪ್ಪನ ಹಾರ್ಮೋನಿಯಂ — ಎಲ್ಲ ಮಣೆಯ ಮೇಲೆ. ದಶಮಿಯಂದು ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ.

ಇಲ್ಲಿ ಲ್ಯಾಪ್‌ಟಾಪ್, ಮಿಕ್ಸಿ ಜಾರು, ಈಳಿಗೆಮಣೆ. ಕಾರಿಗೆ ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ, ಚಕ್ರದಡಿ ನಿಂಬೆಹಣ್ಣು. ಬೋಳುತಲೆಯಾತ ಬಂದು ಯಾರ ಮದುವೆ ಎಂದು ಕೇಳಿದ. ಕಪ್ಪು ಡಬ್ಬಿ ಕಣ್ಣಿಗೆ ಬಿತ್ತು. ನನ್ನ ಹೆಂಡತಿಯ ಕಾವಲುಗಾರ, ಇವನಿಗಿಲ್ಲದ ಪೂಜೆಯೇ! ಕಿತ್ತು ತಂದು ಮಣೆಯ ಮೇಲೆ ಕೂರಿಸಿ ಕುಂಕುಮವಿಟ್ಟೆ. ಮಂಗಳಾರತಿಯ ಹಾಡಿಗೆ ಗಾಜುಗಳು ನಡುಗಿದವು.

“ಸಾಕು ರೀ, ದೇವರಿಗೆ ಕಿವಿ ಚೆನ್ನಾಗೇ ಕೇಳಿಸತ್ತೆ,” ಎಂದಳು ವಾಸಂತಿ ಒಳಗಿನಿಂದ.

೨೬ ಅಕ್ಟೋಬರ್, ಬೆಳಗ್ಗೆ

ಅವಳು ಹೋದದ್ದೇ ತಿಳಿಯಲಿಲ್ಲ. ನಿನ್ನೆ ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದು, ನಿದ್ದೆಯೆಲ್ಲ ಅಸ್ತವ್ಯಸ್ತ. ಸ್ನಾನ ಮುಗಿಸಿ ದಶಮಿಯ ಪೂಜೆಗೆ ಮಣೆಯ ಮುಂದೆ ಕೂತೆ. ಕೈಯಲ್ಲಿ ಅಕ್ಷತೆ.

ರೆಕಾರ್ಡರ್ ಮಣೆಯ ಮೇಲಿದೆ.

ಅಷ್ಟರಲ್ಲಿ ಫೋನು.

“ರೀ, ನಿಂತೋಯ್ತು. ನಡುವಿನ ಲೇನಲ್ಲಿ. ಹಿಂದೆ ಲಾರಿ... ಹಾರ್ನ್ ಹೊಡ್ಕೊಂಡು ಪಕ್ಕದಲ್ಲೇ ಹೋದ. ಕನ್ನಡಿ ಕಿತ್ಕೊಂಡು ಹೋಯ್ತು. ನಾನು ಚೆನ್ನಾಗಿದೀನಿ. ಹೇಗೋ ಅಂಚಿಗೆ ತಂದೆ. ಹೈವೇ ಬೇಲಿ ಆಚೆ ನಿಂತಿದೀನಿ.”

ಹಿಂದೆ ಗಾಡಿಗಳ ಭೋರ್ಗರೆತ. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಒಂದಕ್ಷರ ಕೂಡ.

“ರೀ? ಇದ್ದೀರಾ? ಹೆದರ್ಬೇಡಿ. ಒಳ್ಳೇದೇ ಆಯ್ತು ಬಿಡಿ, ಡಬ್ಬೀಲಿ ಎಲ್ಲ ರೆಕಾರ್ಡ್ ಆಗಿರತ್ತಲ್ಲಾ.”

ಅದೇ ದಿನ, ಸಂಜೆ

ಡಬ್ಬಿಯ ವಿಷಯ ಹೇಳಿದೆ. ಅವಳು ಇಬ್ಬರಿಗೂ ಬಡಿಸಿದಳು. ಆಮೇಲೆ — “ಹೋಗ್ಲಿ, ದೇವರ ಹತ್ರ ರೆಕಾರ್ಡ್ ಆಗಿದೆ.” ನಗಲು ನೋಡಿದಳು. ಅವಳ ಚಮಚ ತಟ್ಟೆಗೆ ತಗುಲಿ ಟಣಟಣ ಎನ್ನುತ್ತಲೇ ಇತ್ತು.

ರಸ್ತೆ ಸಹಾಯದವನು ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿತ್ತಂತೆ. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಹೋಗಿದ್ದಾನೆ.

೪ ನವೆಂಬರ್

ಕಂಪನಿಯ ಗ್ರಾಹಕ ಸೇವೆಗೆ ಫೋನು. ಗರ್ಜಿಸಬೇಕೆಂದೇ ನಿಂತುಕೊಂಡು ಮಾಡಿದೆ. ನಾಲ್ಕನೇ ವಾಕ್ಯಕ್ಕೆ ಗಂಟಲು ಕಟ್ಟಿತು. ಆ ಕಡೆ ಹುಡುಗಿ ಬಹಳ ವಿನಯದಿಂದ ಹೇಳಿದಳು: ಹೆಂಡತಿ ಕ್ಷೇಮವಾಗಿರುವುದು ಸಂತೋಷ, ಆದರೆ ಸಾಕ್ಷಿಯಿಲ್ಲದೆ ಕೂಲಾನ್ಸ್ ಇಲ್ಲ. ರೆಕಾರ್ಡರನ್ನು ೨೩ಕ್ಕೆ ಹಿಂತಿರುಗಿಸಬೇಕು, ಬೇರೆಯವರು ಕಾಯುತ್ತಿದ್ದಾರೆ.

ಬೇರೆಯವರು! ಹಾಗಾದರೆ ಎಷ್ಟು ಮನೆಗಳಲ್ಲಿ ಹೀಗೆ ಫೋನು ಹಿಡಿದು ಕೂತಿದ್ದಾರೆ...

೧೯ ನವೆಂಬರ್

ಬರೆಯಲು ಏನೂ ಇರಲಿಲ್ಲ. ಡಬ್ಬಿ ಗಾಡಿಯಲ್ಲಿದೆ. ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಬೆಳಗ್ಗೆ ದೇವರ ಮುಂದೆ ಕೈಮುಗಿದರೆ ಏನು ಬೇಡಲಿ ಎಂದು ತೋಚುವುದಿಲ್ಲ. ನಿಲ್ಲಲಿ ಎಂದೇ? ನಿಲ್ಲದಿರಲಿ ಎಂದೇ? ಸುಮ್ಮನೆ ಎದ್ದು ಬರುತ್ತೇನೆ.

೨೧ ನವೆಂಬರ್, ಶನಿವಾರ

ವಾಸಂತಿಯೇ ಮಾತು ತೆಗೆದಳು. ನಾಳೆ ಭಾನುವಾರ, ರಸ್ತೆ ಖಾಲಿ. ಉಟ್ರೆಕ್ಟ್‌ಗೆ ಹೋಗಿ ಬರೋಣ, ನಿಲ್ಲುವವರೆಗೆ ಓಡಿಸೋಣ.

“ಹುಚ್ಚೇ ನಿನಗೆ? ಬೇಡ. ಹಾಳಾಗಿ ಹೋಗಲಿ ಕೂಲಾನ್ಸು!”

“ದಿನಾ ಅದರಲ್ಲೇ ತಾನೇ ಹೋಗ್ತಿರೋದು ನಾನು? ಆಗ ಹುಚ್ಚಲ್ವಾ?”

ಲ್ಯಾಪ್‌ಟಾಪ್ ಮುಚ್ಚಿಟ್ಟೆ.

“ಒಂದು ದಿನ ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ ರೀ. ಎಂಜಿನ್ ಹೋದ್ರೆ ನಾನು ಸ್ಟಿಯರಿಂಗ್ ನೋಡ್ಬೇಕು, ಕನ್ನಡಿ ನೋಡ್ಬೇಕು. ನೀವು ಹಿಂದೆ ತಿರುಗಿ, ಅಂಚಿಗೆ ಹೋಗೋಕೆ ಬಲಗಡೆ ಖಾಲಿ ಇದೆಯೋ ಇಲ್ವೋ ಕೂಗಿ. ಅಷ್ಟೇ ನಿಮ್ಮ ಪಾರ್ಟು. ಆಗತ್ತಲ್ಲಾ?”

“ಆಗುತ್ತೆ,” ಎಂದೆ. ಅವಳು ಕೇಳಿಸಲಿಲ್ಲವೆಂಬಂತೆ ನನ್ನತ್ತ ವಾಲಿದಳು. ಎರಡನೇ ಸಲ ಹೇಳಬೇಕಾಯಿತು.

೨೨ ನವೆಂಬರ್, ಭಾನುವಾರ, ಕಾರಿನಲ್ಲಿ

ಮೊಣಕಾಲಿನ ಮೇಲೆ ಡೈರಿ. ಬರೆಯದಿದ್ದರೆ ಕೈ ಬಾಗಿಲ ಹಿಡಿಯನ್ನೇ ಹುಡುಕುತ್ತದೆ. ಡಬ್ಬಿಯ ಹಸಿರು ದೀಪ ಮಿಣುಕುತ್ತಿದೆ. ಅದರ ಮೂಲೆಯಲ್ಲಿ ಇನ್ನೂ ಚೂರು ಕುಂಕುಮ.

ಹೋಗುವಾಗ ಏನೂ ಆಗಲಿಲ್ಲ. ಪಾರ್ಕಿಂಗಿನಲ್ಲಿ ಚಿತ್ರಾನ್ನ ತಿಂದು ಹಿಂದಿರುಗುತ್ತಿದ್ದೇವೆ. ಮಂಜು ಇಳಿಯುತ್ತಿದೆ. ರಸ್ತೆ ನಾವು ಅಂದುಕೊಂಡಷ್ಟು ಖಾಲಿಯಿಲ್ಲ. ನಡುವಿನ ಲೇನು.

ಗಂಟಲು ಸರಿಮಾಡಿಕೊಂಡೆ. ಗಾಳಿ ಮಾತ್ರ ಬಂತು.

“ಏನಂದ್ರಿ?”

“ಏನಿಲ್ಲ.”

“ಬರ್ದಿದ್ದು ಸಾಕು, ಹಿಂದೆ ನೋಡಿ.”

ನೋಡಿದೆ. ಬಲಗಡೆ ಬಿಳಿ ಲಾರಿ, ದೂರ. ಅದರ ಮುಂದೆ ಜಾಗವಿದೆ. ಇದೆ ಅನಿಸುತ್ತದೆ. ಎಡಕ್ಕೆ ಒಂದರ ಹಿಂದೊಂದು ಕಾರುಗಳು. ಲಾರಿ ಹತ್ತಿರವಾಗು

ಹಳದಿ ದೀಪ.

“ರೀ —”

ಪೆನ್ನು ಬಿಡುತ್ತೇನೆ. ಗಂಟಲೇ, ಈಗ —